ಎಡಕ್ಕೆ ತಿರುಗುವ ಬೆಳಕು

ಸೂಜಿಯನ್ನು ಹೊರಗೆಳೆದು, ಸ್ಪಿರಿಟ್ಟಿನಲ್ಲಿ ತೋಯಿಸಿದ ಅರಳೆಯನ್ನು ಹೆಂಡತಿಯ ತೋಳಿಗೆ ಒತ್ತಿ ಹಿಡಿದುಕೊಂಡೇ ಮಾರ್ತಾಂಡ ಇನ್ನೊಂದು ಕೈಯಿಂದ ಜೇಬಿನ ಗಡಿಯಾರ ತೆಗೆದ. ಗೋದಾ ಕಿಟಕಿಯ ಸರಳುಗಳನ್ನು ಎರಡೂ ಕೈಗಳಿಂದ ಹಿಡಿದು ಮುಂದಕ್ಕೆ ಬಾಗಿ ಕೂತಿದ್ದಳು. ಉಸಿರು ಒಳಗೆ ಹೋಗುವಾಗ ಹೇಗೋ ಹೋಗುತ್ತಿತ್ತು. ಹೊರಗೆ ಬರುವಾಗ ಎಲ್ಲೋ ಸಿಕ್ಕಿಕೊಂಡು, ಸಣ್ಣ ಸೀಟಿಯಾಗಿ, ಎಳೆದೆಳೆದು ಬರುತ್ತಿತ್ತು. ಕೆಳಗೆ ವಾಡೆಯ ಅಂಗಳದಲ್ಲಿ ನೀರಿನ ಹೌದಿನ ಸುತ್ತ ಬಿಂದಿಗೆಗಳ ಸದ್ದು, ಸರದಿ ತಪ್ಪಿಸಿದ್ದಕ್ಕೆ ಮರಾಠಿಯಲ್ಲಿ ಯಾರೋ ಯಾರನ್ನೋ ಬಯ್ಯುತ್ತಿದ್ದುದು. ಔಷಧ ಚರ್ಮದ ಕೆಳಗಿಳಿದ ಮೇಲೆ ಒಂದು ಎಲೆಯಡಿಕೆ ಮೆಲ್ಲುವಷ್ಟು ಹೊತ್ತು ಸಾಕು, ಬಿಗಿದ ಎದೆ ಬಿಚ್ಚಿಕೊಳ್ಳಬೇಕು. ಮುಳ್ಳು ಸರಿಯಿತು. ಸೀಟಿ ನಿಲ್ಲಲಿಲ್ಲ. ಗೋದಾಳ ಕಣ್ಣು ಒಮ್ಮೆ ಅವನ ಕಡೆ ಹೊರಳಿ ಮತ್ತೆ ಸರಳಿನ ಆಚೆಗೆ ಹೋಯಿತು. ಆ ನೋಟದಲ್ಲಿದ್ದದ್ದು ಹೆದರಿಕೆಯೋ, ಹೆದರಿದ್ದನ್ನು ಗಂಡ ಕಂಡನೋ ಇಲ್ಲವೋ ಎಂಬ ಲೆಕ್ಕಾಚಾರವೋ, ಅವನಿಗೆ ಬಗೆಹರಿಯಲಿಲ್ಲ. ಕತ್ತಿನ ನರಗಳು ಉಬ್ಬಿದ್ದವು. ಹಣೆಯ ಮೇಲೆ ಬೆವರಿತ್ತು. ಬೆವರನ್ನು ಬೇಕೆಂದೇ ತರಿಸಿಕೊಳ್ಳಲು ಬರುತ್ತದೆಯೇ? ಬರಬಹುದು. ಅಳುವನ್ನು ಬೇಕೆಂದಾಗ ತರಿಸಿಕೊಳ್ಳುವ ಹೆಂಗಸರನ್ನು ಅವನು ಚಿಕ್ಕಂದಿನಿಂದ ನೋಡಿದ್ದಾನೆ.

ಅಡಿಗೆಮನೆಯಿಂದ ಅವನ ತಾಯಿ ರಂಗೂಬಾಯಿ, ಯಾರಿಗೂ ಹೇಳದವಳಂತೆ, ಒಲೆಗೆ ಹೇಳಿದಳು: “ನಿನ್ನೆ ಸಂಜೀತನಕಾ ಚೊಲೋನ ಇದ್ಲು. ನಾಳೆ ನಂದು ಒಪ್ಪತ್ತು, ಮಡೀಲೆ ಅಡಗಿ ಆಗಬೇಕು ಅಂದೆ ನೋಡು, ಬೆಳಗಾಗೂದರಾಗ ಹತ್ತಿತು.”

“ಅವ್ವಾ, ಸುಮ್ಮನಿರು,” ಅಂದ ಮಾರ್ತಾಂಡ.

ಅದು ಸುಮ್ಮನಾಗಿಸುವ ದನಿಯಲ್ಲವೆಂದು ಅವನಿಗೇ ಕೇಳಿಸಿತು. ಗೋದಾಳಿಗೂ ಕೇಳಿಸಿರಬೇಕು. ಆದರೆ ಅವನೇನು ಮಾಡಲಾದೀತು? ಔಷಧ ತುಂಬಿ ಮುಚ್ಚಿದ ಈ ಗಾಜಿನ ಅಂಪೂಲನ್ನು ಅವನ ಕೈಯೇ ತಯಾರಿಸಿತ್ತು. ಯುದ್ಧ ಹತ್ತಿಕೊಂಡು ವಿಲಾಯತಿಯ ಹಡಗುಗಳು ನಿಂತು, ಉಬ್ಬಸಕ್ಕೆ ಕೊಡುವ ಅಡ್ರಿನಲಿನ್ ಪುಣೆಯ ಯಾವ ದವಾಖಾನೆಯಲ್ಲೂ ಸಿಗದೆ ಹೋದಾಗ, ಪರ್ವತಿ ಗುಡ್ಡದ ಕೆಳಗಿನ ತಗಡಿನ ಶೆಡ್ಡಿನಲ್ಲಿ ನಡೆಯುತ್ತಿದ್ದ ಸಣ್ಣ ಔಷಧ ಕಂಪನಿಯೊಂದು ಅದನ್ನು ತಾನೇ ಮಾಡುತ್ತೇನೆಂದು ಹೊರಟಿತು. ಹೇಗೆಂದು ಗೊತ್ತಿದ್ದವನು ಧಾರವಾಡದ ಮಾರ್ತಾಂಡನೊಬ್ಬನೇ. ಕ್ಯಾಂಪಿನ ಕಸಾಯಿಖಾನೆಯಿಂದ ಬರುವ ದನಗಳ ಮೂತ್ರಪಿಂಡದ ನೆತ್ತಿಯ ಮೇಲೆ ಕೂತಿರುವ ಪುಟ್ಟ ಗ್ರಂಥಿಗಳನ್ನು ಅರೆದು, ಸೋಸಿ, ಸಾರ ತೆಗೆದು, ಕಂದು ಬಣ್ಣದ ಪುಡಿ ಮಾಡಿ, ಆ ಪುಡಿಯನ್ನು ಆಮ್ಲದ ನೀರಿನಲ್ಲಿ ಕರಗಿಸಿ ಗಾಜಿನೊಳಗೆ ಮುಚ್ಚುವುದು. ಸಂಜೆ ಮನೆಗೆ ಬಂದವನೇ ಹೊಸ್ತಿಲ ಹೊರಗೆ ಅಂಗಿ ಕಳಚಿ, ತಣ್ಣೀರು ಸುರಿದುಕೊಂಡೇ ಅವನು ಒಳಗೆ ಕಾಲಿಡುತ್ತಿದ್ದ. ಶೆಡ್ಡಿನಲ್ಲಿ ಏನು ಅರೆಯುತ್ತಾರೆಂದು ತಾಯಿ ಎಂದೂ ಕೇಳಿರಲಿಲ್ಲ. ಕೇಳದೆಯೇ ಅವನ ಅಂಗಿಯನ್ನು ಕೋಲಿನ ತುದಿಯಿಂದ ಎತ್ತಿ ಬಕೀಟಿಗೆ ಹಾಕುತ್ತಿದ್ದಳು. ಪ್ರತಿ ಸಾರಿಯೂ ಅವನು ಬಣ್ಣದ ಪರೀಕ್ಷೆ ಮಾಡುತ್ತಿದ್ದ. ಪ್ರತಿ ಸಾರಿಯೂ ಔಷಧ ಪೂರ್ತಿ ಬಲದ್ದೆಂದೇ ಬರುತ್ತಿತ್ತು. ಔಷಧ ಖರೆ. ಔಷಧ ಖರೆಯಾಗಿದ್ದೂ ಉಬ್ಬಸ ಬಗ್ಗದಿದ್ದರೆ ಉಬ್ಬಸವೇ ಖರೆಯಲ್ಲ. ಇದಕ್ಕಿಂತ ನೇರವಾದ ತರ್ಕ ಅವನಿಗೆ ಗೊತ್ತಿರಲಿಲ್ಲ. ಗಡಿಯಾರವನ್ನು ಜೇಬಿಗೆ ಹಾಕಿಕೊಂಡು, “ಸ್ವಲ್ಪ ತಡಿ, ಇಳೀತದ,” ಎಂದು ಹೇಳಿ, ಅವಳ ಬೆನ್ನಿಗೆ ಬೆನ್ನು ತಿರುಗಿಸಿ ಕೋಟು ತೊಟ್ಟುಕೊಂಡ. ಮೆಟ್ಟಿಲಿಳಿಯುವಾಗಲೂ ಸೀಟಿ ಕೇಳಿಸುತ್ತಿತ್ತು. ತಾನು ಇಳಿಯುತ್ತಿರುವುದು ಗೊತ್ತಾಗಿ ಅವಳು ಅದನ್ನು ತುಸು ಜೋರು ಮಾಡಿದಳೆಂದೂ ಅನ್ನಿಸಿತು.

ದಾರಿಯಲ್ಲಿ ಡಾಕ್ಟರ್ ಮಧುಕರರಾಯರು ತಮ್ಮ ದವಾಖಾನೆಯ ಕಟ್ಟೆಯ ಮೇಲಿಂದ ಅವನನ್ನು ಕೂಗಿದರು. ಚುಚ್ಚುವುದನ್ನು ಅವನಿಗೆ ಕಲಿಸಿದವರೇ ಅವರು. ಕಟ್ಟೆಯ ಮೇಲೆ ಕಾಯುತ್ತಿದ್ದ ರೋಗಿಗಳ ಎದುರೇ, ದನಿಯೇನೂ ತಗ್ಗಿಸದೆ, ಮರಾಠಿಯಲ್ಲಿ ಕೇಳಿದರು.

“ಮಾರ್ತಾಂಡರಾವ್, ನಿಮ್ಮ ಅಡ್ರಿನಲಿನ್ನಿಗೆ ಏನಾಗಿದೆ? ಮೊದಲು ಒಂದು ಕೊಟ್ಟಲ್ಲಿ ಈಗ ಎರಡು ಕೊಡುತ್ತಿದ್ದೇನೆ. ಎರಡಕ್ಕೂ ಕೆಲವರು ಏಳುವುದಿಲ್ಲ.”

“ಪರೀಕ್ಷೆಯಲ್ಲಿ ಸರಿಯಾಗಿಯೇ ಇದೆ, ಡಾಕ್ಟರ್‌ಸಾಹೇಬ್. ನಮ್ಮ ಮನೆಯಲ್ಲೂ ಅದನ್ನೇ ಕೊಡುತ್ತೇನೆ.”

“ಕೊಟ್ಟ ಮೇಲೆ ನಿಮ್ಮ ಮನೆಯವರ ಕೈ ನಡುಗುತ್ತದೆಯೇ?”

“ಇಲ್ಲ.”

“ಎದೆ ಹೊಡೆದುಕೊಳ್ಳುತ್ತದೆ ಅನ್ನುತ್ತಾರೆಯೇ?”

“ಇಲ್ಲ.”

“ಉಬ್ಬಸ ಇರಲಿ ಬಿಡಲಿ, ಆ ಔಷಧ ಒಳಗೆ ಹೋದರೆ ಪೈಲ್ವಾನನ ಕೈಯೂ ನಡುಗಬೇಕು,” ಅಂದರು ಡಾಕ್ಟರು. “ಇದು ನಿಮಗೆ ಗೊತ್ತಿಲ್ಲದ್ದೇನಲ್ಲ.”

ಗೊತ್ತಿಲ್ಲದ್ದೇನಲ್ಲ. ಆ ಮಾತನ್ನು ಹಲ್ಲಿನ ಸಂದಿನಲ್ಲಿ ಸಿಕ್ಕಿದ ನಾರಿನಂತೆ ನಾಲಗೆಯಿಂದ ತಡವುತ್ತ ಅವನು ಕಾಲುವೆಯ ಪಕ್ಕದ ದಾರಿ ಹಿಡಿದ. ಸರಳು ಹಿಡಿದಿದ್ದ ಗೋದಾಳ ಬೆರಳುಗಳು ಕಣ್ಣ ಮುಂದೆ ಬಂದವು. ಬಿಳಿಚಿದ್ದವು, ಬಿಗಿದಿದ್ದವು, ಆದರೆ ಸ್ಥಿರವಾಗಿದ್ದವು. ಎಷ್ಟೋ ಸಾರಿ ಆ ಸ್ಥಿರವಾದ ಬೆರಳುಗಳನ್ನು ನೋಡಿ, ಅದನ್ನೇ ಅವಳ ವಿರುದ್ಧದ ಸಾಕ್ಷಿಯಾಗಿ ಇಟ್ಟುಕೊಂಡಿದ್ದನಲ್ಲ. ನಿಜಕ್ಕೂ ಉಸಿರು ಕಟ್ಟಿದವಳ ಕೈ ಇಷ್ಟು ಗಟ್ಟಿ ಇರುತ್ತದೆಯೇ ಎಂದು. ರೋಗಿಗಳ ಎದುರು ಕೇಳಬಾರದಿತ್ತು ಡಾಕ್ಟರು. ಒಬ್ಬ ಮುದುಕ ನಕ್ಕಂತೆ ಕಂಡಿತ್ತು. ಹಾಗಾದರೆ ಔಷಧದಲ್ಲೇ ಏನೋ ಆಗಿದೆ. ಬಣ್ಣದ ಪರೀಕ್ಷೆ ಹೌದೆನ್ನುತ್ತದೆ, ಮೈ ಅಲ್ಲವೆನ್ನುತ್ತದೆ. ಎರಡೂ ನಿಜವಾಗಿರುವ ದಾರಿ ಯಾವುದೆಂದು ಯೋಚಿಸುತ್ತಿದ್ದವನಿಗೆ ಕಾಲೇಜಿನ ದಿನಗಳು, ಮೇಜಿನ ಮೇಲೆ ಗುರುಗಳು ತಂದಿಟ್ಟಿದ್ದ ಎರಡು ಶಂಖಗಳು ನೆನಪಾದವು. ಒಂದು ಎಡಮುರಿ, ಒಂದು ಬಲಮುರಿ. ಬಲಮುರಿ ತಮ್ಮ ಮನೆಯ ದೇವರ ಪೆಟ್ಟಿಗೆಯದು, ಯಾರೂ ಮುಟ್ಟಬೇಡಿರೆಂದು ಹೇಳಿ ಗುರುಗಳು ಅದರ ಸುರುಳಿಯನ್ನು ಕಡ್ಡಿಯಿಂದ ತೋರಿಸಿದ್ದರು. ಎರಡೂ ಶಂಖವೇ, ತೂಕ ಒಂದೇ, ಸುಣ್ಣ ಒಂದೇ. ಆದರೆ ಹೇಗೆ ತಿರುಗಿಸಿ ಹೇಗೆ ಮಗುಚಿ ಇಟ್ಟರೂ ಒಂದು ಇನ್ನೊಂದಾಗುವುದಿಲ್ಲ, ಕನ್ನಡಿಯೊಳಗೆ ಮಾತ್ರ ಆಗುತ್ತದೆ. ಅಣುಗಳಲ್ಲೂ ಹೀಗೆಯೇ ಎಡದವು ಬಲದವು ಇವೆ ಎಂದಿದ್ದರು. ಬಣ್ಣದ ಪರೀಕ್ಷೆಗೆ ಎರಡರ ಭೇದ ತಿಳಿಯುವುದಿಲ್ಲ, ತಕ್ಕಡಿಗೆ ತಿಳಿಯುವುದಿಲ್ಲ, ಮೈಗೆ ತಿಳಿಯುತ್ತದೆ. ಅಡ್ರಿನಲಿನ್ನಿನಲ್ಲಿ ಮೈ ಗುರುತು ಹಿಡಿಯುವುದು ಎಡದ್ದನ್ನು. ಪ್ರಾಣಿಯ ದೇಹ ಮಾಡುವುದೂ ಎಡದ್ದನ್ನೇ. ಮನುಷ್ಯ ಕಾರ್ಖಾನೆಯಲ್ಲಿ ಕಟ್ಟಿದಾಗ ಮಾತ್ರ ಎಡ ಬಲ ಅರ್ಧರ್ಧ ಕಲೆತು ಹುಟ್ಟುತ್ತದೆ, ಅದರಲ್ಲಿ ಅರ್ಧ ದಂಡ.

ಆ ಪಾಠದ ದಿನ ಇಡೀ ತರಗತಿಯಲ್ಲಿ ಕಿವಿ ಕೆಂಪಾದದ್ದು ಅವನೊಬ್ಬನದೇ. ಅವನು ಹುಟ್ಟಾ ಎಡಚ. ಧಾರವಾಡದ ಮನೆಯಲ್ಲಿ ಪಂಕ್ತಿಗೆ ಕೂತಾಗ ತಾಯಿ ತನ್ನ ಹಳೆಯ ಸೀರೆಯ ಅಂಚಿನಿಂದ ಅವನ ಎಡಗೈಯನ್ನು ಸೊಂಟಕ್ಕೆ ಕಟ್ಟುತ್ತಿದ್ದಳು. ಬಂದ ನೆಂಟರು ಕೈ ಮುರಿದಿದೆಯೇ ಎಂದು ಕೇಳುತ್ತಿದ್ದರು. ಬಲಗೈಯಲ್ಲಿ ಬರೆಯಲು, ಉಣ್ಣಲು, ಕೊಡಲು, ಕೊನೆಗೆ ಸೂಜಿ ಚುಚ್ಚಲು ಕೂಡ ಕಲಿತ. ಯಾರಿಗೂ ಗೊತ್ತಾಗದಷ್ಟು ಚೆನ್ನಾಗಿ ಕಲಿತ. ಎದುರಿಗಿದ್ದವನು ಏನನ್ನಾದರೂ ಹೀಗೆಯೇ ಕಟ್ಟಿ ಬಚ್ಚಿಟ್ಟುಕೊಂಡಿರಬಹುದೆಂದು ನೋಡುವ ಅಭ್ಯಾಸವೂ ಅಂದಿನಿಂದಲೇ ಬಂದಿರಬೇಕು.

ಹಾಗಾದರೆ ಗ್ರಂಥಿಯ ಪುಡಿಯ ಬದಲಿಗೆ ಯಾರೋ ಕಾರ್ಖಾನೆಯ ಪುಡಿಯನ್ನು ಇಟ್ಟಿದ್ದಾರೆ. ಶೆಡ್ಡು ಮುಟ್ಟುವಷ್ಟರಲ್ಲಿ ಯಾರೋ ಅನ್ನುವುದು ಮಹಾಲಿಂಗ ಎಂದಾಗಿತ್ತು. ಯುದ್ಧಕ್ಕೆ ಮೊದಲು ಬಂದ ಜರ್ಮನ್ ಕಾರ್ಖಾನೆಗಳ ಮಾಲು ಮುಂಬಯಿಯ ಗೋದಾಮುಗಳಲ್ಲಿ ಇನ್ನೂ ಕಳ್ಳದಾರಿಯಲ್ಲಿ ಸಿಗುತ್ತದೆಂದು ಎಲ್ಲರಿಗೂ ಗೊತ್ತು. ಗಾಜು ತರಲು ಮುಂಬಯಿಗೆ ಹೋಗಿ ಬರುವವನು ಮಹಾಲಿಂಗನೇ. ಕುಂದಾಪುರದ ಕಡೆಯವನು. ಬುಧವಾರ ಪೇಠದಲ್ಲಿ ಸೋದರಮಾವನ ಹೋಟೆಲಿನಲ್ಲಿ ಲೋಟ ತೊಳೆಯುತ್ತ ಊರಿಗೆ ಬಂದವನು, ಈಗ ಬೆಳಕು ಹರಿಯುವ ಮೊದಲೇ ಸೈಕಲ್ಲಿಗೆ ಬರ್ಫದ ಡಬ್ಬಿ ಕಟ್ಟಿಕೊಂಡು ಕಸಾಯಿಖಾನೆಗೆ ಹೋಗಿ ಗ್ರಂಥಿ ತರುತ್ತಿದ್ದ. ಮಾರ್ತಾಂಡ ಕಲಿಸಿಕೊಟ್ಟಂತೆ ಅರೆದು ಪುಡಿ ಮಾಡಿ ಡಬ್ಬಿಯಲ್ಲಿ ತುಂಬಿ ಕೊಡುವುದು ಅವನ ಕೆಲಸ. ಅಲ್ಲಿಂದಾಚೆಗೆ ಮಾರ್ತಾಂಡನದು. ಅಂದು ಮಾರ್ತಾಂಡ ಬಾಗಿಲಲ್ಲಿ ನಿಂತು ನೋಡಿದ. ಅವನ ನೆರಳು ಬಿದ್ದದ್ದೇ ಮಹಾಲಿಂಗ ಬರ್ಫದ ಡಬ್ಬಿಯ ಮುಚ್ಚಳವನ್ನು ಮುಚ್ಚಿದ. ಯಾವಾಗಲೂ ಹಾಗೆಯೇ ಮುಚ್ಚುತ್ತಿದ್ದ, ಈಗ ಹೊಳೆಯಿತು. ತೆರೆದ ಡಬ್ಬಿಯನ್ನು ತಾನು ಕಂಡು ಎಷ್ಟು ದಿನವಾಯಿತು?

“ಎಂತ ರಾಯರೇ, ಇವತ್ತು ತಡ?” ಅಂದ ಮಹಾಲಿಂಗ. “ಮನೆಯಲ್ಲಿ ಅಮ್ಮನಿಗೆ ಹುಷಾರುಂಟಲ್ವಾ?”

ಅವನು ಅಮ್ಮ ಎಂದದ್ದು ಗೋದಾಳನ್ನು. ಅವಳ ವಿಷಯ ಇವನಿಗೇಕೆ ಬೇಕು ಎಂದು ಮಾರ್ತಾಂಡ ಯೋಚಿಸಿದ. ಉಬ್ಬಸ ಇಳಿಯುತ್ತಿಲ್ಲವೆಂದು ಇವನಿಗೆ ಗೊತ್ತೇ? ಗೊತ್ತಿದ್ದೇ ಕೇಳುತ್ತಿದ್ದಾನೆಯೇ? “ಇದ್ದಾಳ,” ಎಂದಷ್ಟೇ ಹೇಳಿ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಮೈ ಬಿಟ್ಟರೆ ಬೆಳಕಿಗೆ ಮಾತ್ರ ಎಡ ಬಲ ತಿಳಿಯುತ್ತದೆ. ಎಡದ ಅಣು ತನ್ನ ಮೂಲಕ ಹಾಯುವ ಬೆಳಕನ್ನು ಎಡಕ್ಕೆ ತಿರುಗಿಸುತ್ತದೆ, ಬಲದ್ದು ಬಲಕ್ಕೆ. ಅದನ್ನು ಅಳೆಯುವ ಯಂತ್ರ ಪುಣೆಯಲ್ಲಿ ಅವನು ಕಂಡದ್ದು ತಾನು ಓದಿದ ಕಾಲೇಜಿನಲ್ಲೊಂದೇ. ಅಲ್ಲಿ ಅವನ ಜೊತೆ ಓದಿದ ಬಿಂದುಮಾಧವ ಈಗ ಪಾಠ ಹೇಳುತ್ತಿದ್ದ. ಗೋದಾಮಿನಿಂದ ಒಂದು ಪೆಟ್ಟಿಗೆ ಅಂಪೂಲುಗಳನ್ನು ಯಾರಿಗೂ ಹೇಳದೆ ಒಡೆದು, ಬೆರಳಿಗೆ ಗಾಜು ಚುಚ್ಚಿಸಿಕೊಂಡು, ದ್ರವವನ್ನು ಒಟ್ಟುಗೂಡಿಸಿ ಅಮೋನಿಯಾ ಹನಿಸಿದ. ತಳದಲ್ಲಿ ಕೂತ ಪುಡಿಯನ್ನು ಒಣಗಿಸಿ, ಪೊಟ್ಟಣ ಕಟ್ಟಿ, ಎದೆಯ ಜೇಬಿನಲ್ಲಿಟ್ಟುಕೊಂಡು ಲಕಡೀ ಪೂಲ್ ಸೇತುವೆ ದಾಟಿ ಹೋದ. ಕರಗಿಸಿದ ಪುಡಿ ತುಂಬಿದ ಹಿತ್ತಾಳೆಯ ಉದ್ದ ಕೊಳವೆ, ಒಂದು ತುದಿಗೆ ಉಪ್ಪಿನ ಹಳದಿ ಜ್ವಾಲೆ, ಇನ್ನೊಂದು ತುದಿಗೆ ಕಣ್ಣು. ಒಳಗೆ ಕಾಣುವುದು ಎರಡು ಹೋಳಾದ ಚಂದ್ರ. ಒಂದು ಹೋಳು ಬೆಳಕು, ಒಂದು ಕತ್ತಲು. ಎರಡೂ ಸಮನಾಗುವ ತನಕ ಚಕ್ರ ತಿರುಗಿಸಬೇಕು, ಎಷ್ಟು ತಿರುಗಿಸಿದೆವೋ ಅದೇ ಔಷಧದ ಗುಣ. ಎಡಕ್ಕೆ ಚೆನ್ನಾಗಿ ತಿರುಗಬೇಕಿದ್ದ ಚಕ್ರ ಸೊನ್ನೆಯ ಹತ್ತಿರವೇ ನಿಂತಿತು. ಮತ್ತೆ ನೋಡಿದ. ಬಿಂದುಮಾಧವನಿಂದ ನೋಡಿಸಿದ. ಸೊನ್ನೆಗಿಂತ ಕೂದಲೆಳೆಯಷ್ಟು ಎಡಕ್ಕೆ. ಎಡದ್ದೂ ಬಲದ್ದೂ ಬಹುತೇಕ ಅರ್ಧರ್ಧ ಕಲೆತ ಪುಡಿ.

“ಇದು ಗ್ರಂಥಿಯದಲ್ಲೋ ಮಾರಾಯಾ,” ಅಂದ ಬಿಂದುಮಾಧವ. “ಯಾರೋ ನಿನಗ ಟೋಪಿ ಹಾಕ್ಯಾರ.”

ಮಾರ್ತಾಂಡನಿಗೆ ಆದದ್ದು ಸಂತೋಷ. ಅದನ್ನು ಅವನು ಬಹಳ ದಿನ ಒಪ್ಪಿಕೊಳ್ಳಲಿಲ್ಲ, ಆದರೆ ಸೇತುವೆಯ ಮೇಲೆ ಗಾಳಿಗೆ ಎದೆಯೊಡ್ಡಿ ನಡೆದು ಬರುವಾಗ ಆದದ್ದು ಸಂತೋಷವೇ. ಅನುಮಾನ ಹಿಡಿದ ಮನಸ್ಸಿಗೆ ಕೊನೆಗೂ ಒಬ್ಬ ಮನುಷ್ಯ ಸಿಕ್ಕಿದ್ದ.

ಕಂಪನಿಯ ಯಜಮಾನರು ಬಾಳಕೃಷ್ಣಪಂತರು ದೂರನ್ನು ಪೂರ್ತಿ ಕೇಳಲಿಲ್ಲ. ಮಿಲಿಟರಿಯ ಆಸ್ಪತ್ರೆಗೂ ಮಾಲು ಹೋಗುತ್ತಿದ್ದ ಕಾಲ. ಕಳ್ಳಮಾಲು ಎಂಬ ಮಾತು ಕಿವಿಗೆ ಬಿದ್ದದ್ದೇ ಅವರು ಮಹಾಲಿಂಗನನ್ನು ಎಲ್ಲರೆದುರು ಕರೆಸಿದರು. ಮಹಾಲಿಂಗ ಕೈಯೊರೆಸಿಕೊಳ್ಳುತ್ತ ಬಂದು ನಿಂತ. ಎಡ ಬಲ ಎಂದು ಮಾರ್ತಾಂಡ ಹೇಳಿದ್ದು ಅವನಿಗೆ ಎಷ್ಟು ತಿಳಿಯಿತೋ, ತಾನು ಕಳ್ಳ ಅನ್ನುವುದು ಮಾತ್ರ ತಿಳಿಯಿತು.

“ನಾನು ಬದಲು ಮಾಡಿದ್ದು ನೀವು ನೋಡಿದ್ದೀರಾ, ರಾಯರೇ?” ಅಂತ ಕನ್ನಡದಲ್ಲೇ ಕೇಳಿದ.

“ನೋಡಬೇಕಾಗಿಲ್ಲ. ಬೆಳಕು ಹೇಳ್ತದ.”

“ಬೆಳಕು ಹೇಳ್ತದೆ,” ಎಂದು ಮಹಾಲಿಂಗ ಆ ಮಾತನ್ನು ನಿಧಾನವಾಗಿ ಮತ್ತೊಮ್ಮೆ ಅಂದ. ಅಣಕವೇನೂ ಇರಲಿಲ್ಲ. ಯಜಮಾನರ ಕಡೆ ತಿರುಗಿ ಮರಾಠಿಯಲ್ಲಿ ತಾನು ಏನನ್ನೂ ಬದಲು ಮಾಡಿಲ್ಲವೆಂದ. ಇನ್ನು ಬರಬೇಡ ಅಂದರು ಅವರು. ಅವನು ಮೊಳೆಯ ಮೇಲಿದ್ದ ತನ್ನ ಟೊಪ್ಪಿಗೆ ತೆಗೆದುಕೊಂಡು, ಹೋಗುವ ಮೊದಲು ನಳದ ಕೆಳಗೆ ಕೈಗಳನ್ನು ಬಹಳ ಹೊತ್ತು ತೊಳೆದ. ಅಷ್ಟು ತೊಳೆಯುವಂಥದ್ದು ಏನಿತ್ತು ಎಂದು ಮಾರ್ತಾಂಡ ಅದನ್ನೂ ಒಂದು ಗುರುತಾಗಿ ಇಟ್ಟುಕೊಂಡ.

ಮಹಾಲಿಂಗ ಕೊಟ್ಟುಹೋದ ಕೊನೆಯ ಡಬ್ಬಿಯ ಪುಡಿ ಇನ್ನೂ ಮಾರ್ತಾಂಡನ ಬೀರುವಿನಲ್ಲಿತ್ತು. ಯಜಮಾನರು ಅದನ್ನು ಪೊಲೀಸರಿಗೆ ಕೊಡೋಣ, ಒಂದು ಸಾರಿ ನೋಡಿಬಿಡಿ ಎಂದರು. ಮಾರ್ತಾಂಡ ಮತ್ತೆ ಸೇತುವೆ ದಾಟಿದ. ಕೊಳವೆ ತುಂಬಿ, ಕಣ್ಣಿಟ್ಟು, ಚಕ್ರ ಹಿಡಿದ. ಹೋಳುಗಳು ಸಮನಾಗಲಿಲ್ಲ. ಇನ್ನೂ ತಿರುಗಿಸಿದ. ಎಡಕ್ಕೆ, ಇನ್ನೂ ಎಡಕ್ಕೆ, ಪುಸ್ತಕದಲ್ಲಿ ಎಷ್ಟೆಂದು ಬರೆದಿದೆಯೋ ಅಷ್ಟು ಎಡಕ್ಕೆ ಹೋಗಿ ಚಂದ್ರ ಒಂದಾಯಿತು. ಡಬ್ಬಿಯಲ್ಲಿದ್ದದ್ದು ಅಪ್ಪಟ ಗ್ರಂಥಿಯ ಪುಡಿ. ಅವನ ಮೊದಲ ಯೋಚನೆ, ಸಿಕ್ಕಿಬೀಳುವ ಭಯದಿಂದ ಕೊನೆಯ ಡಬ್ಬಿಯನ್ನು ಮಾತ್ರ ಶುದ್ಧವಾಗಿ ಕೊಟ್ಟಿದ್ದಾನೆ ಎಂದು. ಎರಡನೆಯ ಯೋಚನೆ ಬರುವ ಮೊದಲೇ ಅವನು ಹುಡುಗರು ಕೂರುವ ಸ್ಟೂಲಿನ ಮೇಲೆ ಕೂತ.

ಏಕೆಂದರೆ ಡಬ್ಬಿಗೂ ಅಂಪೂಲಿಗೂ ನಡುವೆ ಇದ್ದದ್ದು ಅವನೊಬ್ಬನೇ. ಹೋದ ವರ್ಷದ ಮಳೆಗಾಲದಲ್ಲಿ ಅಂಪೂಲುಗಳು ಗುಲಾಬಿ ಬಣ್ಣಕ್ಕೆ ತಿರುಗಿ ದವಾಖಾನೆಗಳಿಂದ ವಾಪಸು ಬಂದಿದ್ದವು. ಯುದ್ಧಕಾಲದ ಗಾಜು ಒಳ್ಳೆಯದಲ್ಲ, ಅದರ ಕ್ಷಾರ ಔಷಧವನ್ನು ಕೆಡಿಸುತ್ತಿತ್ತು. ಬಾಳಕೃಷ್ಣಪಂತರು ಒಂದು ಗುಲಾಬಿ ಅಂಪೂಲನ್ನು ಎಲ್ಲರೆದುರು ಎತ್ತಿ ಹಿಡಿದು, ಮಾರ್ತಾಂಡರಾವ್ ಶರಬತ್ತಿನ ಅಂಗಡಿ ಇಟ್ಟಿದ್ದಾರೆ ಅಂದರು. ಎಲ್ಲರೂ ನಕ್ಕರು. ಆ ನಗು ಅವನನ್ನು ಮನೆಯ ತನಕ, ಊಟದ ಎಲೆಯ ತನಕ ಬೆನ್ನು ಹತ್ತಿ ಬಂದಿತ್ತು. ಮರುದಿನದಿಂದ ಅವನು ಆಮ್ಲವನ್ನು ಹೆಚ್ಚು ಮಾಡಿದ. ಇನ್ನಷ್ಟು ಹೆಚ್ಚು ಮಾಡಿದ. ಕ್ರಿಮಿ ಉಳಿಯಬಾರದೆಂದು ಹಬೆಯಲ್ಲಿ ಕುದಿಸುವುದನ್ನೂ ದುಪ್ಪಟ್ಟು ಮಾಡಿದ. ಅಂಪೂಲುಗಳು ಗಂಗೆಯಂತೆ ತಿಳಿಯಾಗಿ ಬಂದವು, ಎಷ್ಟು ತಿಂಗಳಿಟ್ಟರೂ ತಿಳಿಯಾಗಿಯೇ ಉಳಿದವು. ಅವನು ಅವನ್ನು ಬೆಳಕಿಗೆ ಹಿಡಿದು ನೋಡಿ ಬೀಗಿದ್ದ. ಬಿಸಿಯಾದ ಕಟುವಾದ ಆಮ್ಲದಲ್ಲಿ ಎಡದ ಅಣು ಮೆಲ್ಲಗೆ ಮಗುಚಿ ಬಲದ್ದಾಗುತ್ತ ಹೋಗಿ, ಎರಡೂ ಸಮವಾಗುವ ತನಕ ನಿಲ್ಲುವುದಿಲ್ಲವೆಂದು ಅವನು ಓದಿದ್ದ. ಪರೀಕ್ಷೆಗೆ ಬರೆದು ಪಾಸಾಗಿದ್ದ. ಈಗ ಮಹಾಲಿಂಗನ ಪುಡಿಯನ್ನು ತನ್ನದೇ ಆಮ್ಲದಲ್ಲಿ ಕರಗಿಸಿ, ತನ್ನದೇ ರೀತಿಯಲ್ಲಿ ಕುದಿಸಿ, ಕೊಳವೆಗೆ ಸುರಿದು ನೋಡಿದ. ಚಕ್ರ ಸೊನ್ನೆಯ ಹತ್ತಿರ ಬಂದು ನಿಂತಿತು.

ಕಣ್ಣು ತೆಗೆಯದೆ ಅವನು ಆ ಸಮನಾದ ಹಳದಿ ಚಂದ್ರನನ್ನು ನೋಡುತ್ತಲೇ ಇದ್ದ. ಔಷಧ ಕೆಡಿಸಿದ್ದು ಆಮ್ಲವಲ್ಲ, ಹಬೆಯಲ್ಲ, ಜನರ ನಗುವಿನ ಭಯ ಎಂದು ಹೇಳಿಕೊಳ್ಳಬಹುದಿತ್ತು. ಹಾಗೆ ಹೇಳಿಕೊಳ್ಳುವುದರಲ್ಲಿ ಒಂದು ಸಮಾಧಾನವೂ ಇತ್ತು. ಆ ಸಮಾಧಾನವನ್ನೂ ಅವನು ನಂಬಲಿಲ್ಲ.

ಬಾಳಕೃಷ್ಣಪಂತರು ಈ ಸಾರಿ ಪೂರ್ತಿ ಕೇಳಿಸಿಕೊಂಡರು. ಬಾಗಿಲು ಹಾಕಿಸಿದರು.

“ಈ ವಿಷಯ ಇಲ್ಲಿಗೇ ಮುಗಿಯಲಿ. ಇನ್ನು ಮುಂದೆ ಆಮ್ಲ ಕಡಿಮೆ ಮಾಡಿ. ಗುಲಾಬಿಯಾದರೆ ಆಗಲಿ, ನೋಡೋಣ. ಆ ಮನುಷ್ಯನನ್ನು ತೆಗೆದಾಗಿದೆ, ಜನ ಅದನ್ನು ನಂಬಿದ್ದಾರೆ. ನಿಮ್ಮ ಔಷಧ ಯಾರನ್ನೂ ಕೊಂದಿಲ್ಲವಲ್ಲ.”

“ಉಳಿಸಬೇಕಾದಾಗ ಉಳಿಸಿಲ್ಲ,” ಅಂದ ಮಾರ್ತಾಂಡ.

“ಅದನ್ನು ಹೇಳಲು ನೀವು ಡಾಕ್ಟರಲ್ಲ.”

ಅವನು ಡಾಕ್ಟರಲ್ಲ. ಆದ್ದರಿಂದ ಡಾಕ್ಟರುಗಳ ಬಾಗಿಲಿಗೇ ಹೋದ. ಯಜಮಾನರನ್ನು ಕೇಳದೆ, ರಜೆ ಹಾಕಿ, ಸೈಕಲ್ಲಿಗೆ ಎರಡು ಚೀಲ ಕಟ್ಟಿಕೊಂಡು ಪೇಠ ಪೇಠ ಸುತ್ತಿ, ಉಳಿದ ಅಂಪೂಲುಗಳನ್ನು ವಾಪಸು ಕೇಳಿದ. ಪ್ರತಿ ಕಟ್ಟೆಯ ಮೇಲೂ ಕಾರಣ ಹೇಳಬೇಕಾಗುತ್ತಿತ್ತು. ಮೊದಲಿನ ಕೆಲವು ಕಡೆ, ತಯಾರಿಕೆಯಲ್ಲಿ ದೋಷವಾಗಿದೆ ಅಂದ. ಆಮೇಲೆ, ನಮ್ಮಲ್ಲಿ ದೋಷವಾಗಿದೆ ಅಂದ. ಕಸಬಾ ಪೇಠದ ಒಬ್ಬ ಮುದಿ ವೈದ್ಯರು ಚಷ್ಮಾ ಏರಿಸಿ ಯಾರಿಂದ ಎಂದು ಕೇಳಿದಾಗ, ನನ್ನಿಂದ ಅನ್ನುವುದು ಬಾಯಿಂದ ಬಂತು. ಅವರು ಸುಮ್ಮನೆ ಒಳಗೆ ಹೋಗಿ ಪೆಟ್ಟಿಗೆ ತಂದುಕೊಟ್ಟರು. “ಚೈತ್ರದಲ್ಲಿ ಒಬ್ಬಳು ಹೋದಳು,” ಅಂದರು. “ಎರಡು ಕೊಟ್ಟಿದ್ದೆ. ಒಳ್ಳೆಯ ಔಷಧವಿದ್ದರೂ ಹೋಗುತ್ತಿದ್ದಳೋ ಏನೋ, ನಾನು ಹೇಳಲಾರೆ. ನೀವೂ ಹೇಳಲಾರಿರಿ.” ಅವಳ ಹೆಸರು ಕೇಳಬೇಕೆಂದು ಮಾರ್ತಾಂಡ ಬಾಯಿ ತೆರೆದ. ಕೇಳಲಿಲ್ಲ. ಚೀಲದಲ್ಲಿ ಗಾಜುಗಳು ಒಂದಕ್ಕೊಂದು ತಾಗಿ ದಾರಿಯುದ್ದಕ್ಕೂ ಕಿಣಿಕಿಣಿ ಎನ್ನುತ್ತಿದ್ದವು.

ಸಂಜೆ ಬುಧವಾರ ಪೇಠದ ಹೋಟೆಲಿಗೆ ಹೋದ. ಮಹಾಲಿಂಗ ಗಲ್ಲಾಪೆಟ್ಟಿಗೆಯ ಪಕ್ಕ ನಿಂತು ಬಾಳೆಲೆ ಒರೆಸುತ್ತಿದ್ದ. ಇವನನ್ನು ಕಂಡು ಕೆಲಸ ನಿಲ್ಲಿಸಲಿಲ್ಲ. ಕೂತುಕೊಳ್ಳಿ ಎಂದೂ ಅನ್ನಲಿಲ್ಲ. ಮಾರ್ತಾಂಡ ನಿಂತೇ ಹೇಳಿದ, ಪುಡಿ ಶುದ್ಧವಿತ್ತು, ಕೆಡಿಸಿದ್ದು ತಾನು, ಯಜಮಾನರಿಗೂ ಹೇಳಿದ್ದಾಗಿದೆ, ತಿರುಗಿ ಬರಬೇಕು ಎಂದು. ಹೇಳುತ್ತ ಹೇಳುತ್ತ, ತನ್ನ ದನಿ ಯಜಮಾನರ ಎದುರು ಇದ್ದದ್ದಕ್ಕಿಂತ ಇಲ್ಲಿ ಹೆಚ್ಚು ನಡುಗುತ್ತಿರುವುದನ್ನು ಗಮನಿಸಿ, ಈ ನಡುಕವೂ ತೋರಿಕೆಯೇನೋ ಎಂದು ತನ್ನನ್ನೇ ಅನುಮಾನಿಸಿದ.

“ಯಜಮಾನರು ಬಾ ಅಂದ್ರಾ?” ಮಹಾಲಿಂಗ ಕೇಳಿದ.

“ಇಲ್ಲ. ನಾ ಹೇಳ್ತೀನಿ ಅವರಿಗೆ.”

“ಬೇಡ ಬಿಡಿ. ಇಲ್ಲಿ ಕೆಲಸ ಉಂಟು.” ಒಂದು ಎಲೆಯನ್ನು ಮಡಚಿಟ್ಟು ಇನ್ನೊಂದನ್ನು ತೆಗೆದುಕೊಂಡ. “ಒಂದು ಕೇಳ್ಲಾ ರಾಯರೇ? ನನ್ನ ಮೇಲೆ ಅನುಮಾನ ಯಾಕೆ ಬಂತು ನಿಮಗೆ?”

“ನಾ ಬಂದಾಗೆಲ್ಲ ನೀ ಡಬ್ಬಿ ಮುಚ್ಚತಿದ್ದಿ.”

ಮಹಾಲಿಂಗ ಮೊದಲ ಸಲ ತಲೆಯೆತ್ತಿ ಅವನನ್ನು ನೋಡಿದ. “ಶುರುವಿನ ದಿನ ನೀವು ಅದರೊಳಗಿನ ಗ್ರಂಥಿ ಕಂಡು ಮೋರಿಯ ಹತ್ತಿರ ಹೋಗಿ ಕಾರಿಕೊಂಡಿರಿ. ನಿಮ್ಮ ಜನಕ್ಕೆ ಆಗಿಬರುವುದಿಲ್ಲ ಅಂತ ಮುಚ್ಚುತ್ತಿದ್ದೆ. ಮತ್ತೆಂತ ಇಲ್ಲ.” ಆಮೇಲೆ, ಗಿರಾಕಿಗೆ ಹೇಳುವ ದನಿಯಲ್ಲಿ, “ಕಾಫಿ ಕುಡಿದು ಹೋಗಿ,” ಅಂದ. ಕಾಫಿ ಬಂತು. ಮಾರ್ತಾಂಡ ಅದನ್ನು ಬಿಸಿಯಿದ್ದಂತೆಯೇ ಕುಡಿದು ನಾಲಗೆ ಸುಟ್ಟುಕೊಂಡ. ಮಹಾಲಿಂಗ ಮತ್ತೆ ಶೆಡ್ಡಿಗೆ ಬರಲಿಲ್ಲ. ಮಾರ್ತಾಂಡನನ್ನು ಮಾತ್ರ ಯಾರೂ ತೆಗೆಯಲಿಲ್ಲ. ದವಾಖಾನೆ ಸುತ್ತಿದ್ದು ಗೊತ್ತಾದಾಗ ಬಾಳಕೃಷ್ಣಪಂತರು ಕೂಗಾಡಿದರು, ಆದರೆ ಅಡ್ರಿನಲಿನ್ ಮಾಡಬಲ್ಲವನು ಇನ್ನೊಬ್ಬನಿರಲಿಲ್ಲ. ತನ್ನ ಕುರ್ಚಿಯಲ್ಲಿ ಮತ್ತೆ ಕೂತಾಗ ಅವನಿಗೆ ಆದದ್ದು ಬಿಡುಗಡೆಯಲ್ಲ.

ಗೋದಾಳಿಗೆ ಹೇಳಲು ಅವನಿಗೆ ಎಲ್ಲರಿಗಿಂತ ತಡವಾಯಿತು. ಮುದಿ ವೈದ್ಯರಿಗೆ ಹೇಳಿದ್ದ, ಕಂಪೌಂಡರುಗಳಿಗೆ ಹೇಳಿದ್ದ. ಮನೆಯಲ್ಲಿ ಬಾಯಿ ಬರಲಿಲ್ಲ. ಒಂದು ಸಂಜೆ ತಾಯಿ ತುಳಶೀಬಾಗಿನ ರಾಮನ ಗುಡಿಗೆ ಹೋಗಿದ್ದಾಗ, ಗೋದಾ ಮೊರದಲ್ಲಿ ರೇಷನ್ನಿನ ಅಕ್ಕಿಯ ಕಲ್ಲು ಆರಿಸುತ್ತಿದ್ದಾಗ, ಎದುರು ಕೂತು ಹೇಳಿದ. ಎಡ ಬಲ ಏನೂ ಹೇಳಲಿಲ್ಲ. ಇಷ್ಟು ದಿನ ನಿನಗೆ ಕೊಟ್ಟದ್ದರಲ್ಲಿ ಅರ್ಧ ಔಷಧವೇ ಇರಲಿಲ್ಲ, ತಪ್ಪು ನನ್ನದು, ಎಂದಷ್ಟೇ ಹೇಳಿದ. ಅವಳ ಬೆರಳು ಅಕ್ಕಿಯಲ್ಲಿ ನಿಂತಿತು.

“ಅಂದ್ರ ನಾ ಸೋಗು ಮಾಡ್ತಿದ್ದಿಲ್ಲ,” ಅಂದಳು.

“ಇಲ್ಲ.”

“ಖರೇನ?”

ಆ ಪ್ರಶ್ನೆ ಅವನಿಗೆ ಅರ್ಥವಾಗಲಿಲ್ಲ. “ನಿನಗ ಗೊತ್ತಿರಲಿಲ್ಲೇನು?” ಎಂದು ಕೇಳಿದ.

“ನನಗ ಹೆಂಗ ಗೊತ್ತಾಗಬೇಕ್ರಿ?” ಗೋದಾ ಮೊರವನ್ನು ಪಕ್ಕಕ್ಕಿಟ್ಟಳು. “ನೀವು ಗಡಿಯಾರ ಹಿಡಕೊಂಡು ನಿಂದರತಿದ್ರಿ. ಅತ್ತಿ ಒಳಗಿಂದ ಅನ್ನೂದು ಅಂತಿದ್ರು. ಇಷ್ಟು ಓದಿದವರು, ತಾವ ಮಾಡಿದ ಔಷಧ, ಅದಕ್ಕೂ ಬಗ್ಗೂದಿಲ್ಲ ಅಂದ್ರ ಇದು ನನ್ನ ಮನಸಿನ ಕೆಟ್ಟತನಾನ ಇರಬೇಕು ಅಂತ ನನಗೂ ಅನಸಲಿಕ್ಕೆ ಹತ್ತಿತ್ತು. ಉಸಿರು ಸಿಗದಾಗ ಬೇಕಂತ ತಡದು ನೋಡೀನಿ, ಸುಳ್ಳಿದ್ರ ನಿಲ್ತದ ಅಂತ. ನಿಲ್ತಿದ್ದಿಲ್ಲ. ಇನ್ನೂ ನಿಲ್ಲವಲ್ದು ಅಂದ್ರ ಎಷ್ಟು ಕೆಟ್ಟಾಕಿ ಇರಬೇಕು ನಾನು ಅಂತ ದೇವರ ಮುಂದ ಕೂತು ತಪ್ಪೊಪ್ಪಿಗಿ ಮಾಡೀನಿ.”

ಅವಳು ಅಳಲಿಲ್ಲ. ಅತ್ತಿದ್ದರೆ ಅವನಿಗೆ ಏನಾದರೂ ಮಾಡಲು ಇರುತ್ತಿತ್ತು. ಅವಳು ಮೊರವನ್ನು ಮತ್ತೆ ಮಡಿಲಿಗೆಳೆದುಕೊಂಡು, ದೀಪ ಹಚ್ಚುವ ತನಕ ಅಕ್ಕಿ ಆರಿಸಿದಳು. ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಏನೂ ಬದಲಾಗಲಿಲ್ಲ. ತಾಯಿಗೆ ಅವನು ವಿಷಯ ಹೇಳಿದಾಗ, “ಹಂಗಾರ ಈಗರೆ ನೆಟ್ಟಗಾಗ್ಲಿ,” ಎಂದಷ್ಟೇ ಅಂದು ಅವಳು ಜಪಮಾಲೆ ತೆಗೆದುಕೊಂಡಳು.

ಮಳೆ ಹಿಡಿದ ಒಂದು ಮಧ್ಯಾಹ್ನ, ಭಾನುವಾರ, ಗೋದಾಳಿಗೆ ಮತ್ತೆ ಉಬ್ಬಸ ಹತ್ತಿತು. ಹೊಸ ಅಂಪೂಲು ಮನೆಯಲ್ಲಿತ್ತು. ಕಡಿಮೆ ಆಮ್ಲ, ಕಡಿಮೆ ಕುದಿ, ಬೆಳಕಿನಲ್ಲಿ ತಿರುಗಿಸಿ ನೋಡಿ ತಂದದ್ದು. ಅವನು ಚುಚ್ಚಿದ. ಜೇಬಿಗೆ ಕೈ ಹೋದದ್ದನ್ನು ತಡೆದು, ಸುಮ್ಮನೆ ಚಾಪೆಯ ಮೇಲೆ ಅವಳ ಹಿಂದೆ ಕೂತ. ಸ್ವಲ್ಪ ಹೊತ್ತಿಗೆ ಅವಳ ಹೆಗಲು ಇಳಿಯಿತು. ಸರಳು ಬಿಟ್ಟಳು. ತಿರುಗಿ ಅವನ ಮುಖ ನೋಡಿ, “ಹೋತ್ರಿ. ಪೂರಾ ಹೋತು,” ಅಂದಳು.

ಅವನು ಆ ಮುಖವನ್ನು ನೋಡಿದ. ತುಟಿಗೆ ಬಣ್ಣ ಬಂದಿತ್ತು. ತೆಳುವಾಗಿ ನಗುತ್ತಿದ್ದಳು. ಇಷ್ಟು ಬೇಗ? ಪೂರಾ? ತನಗೆ ಏನು ಕೇಳಬೇಕಾಗಿದೆಯೆಂದು ಈಗ ಅವಳಿಗೆ ಗೊತ್ತಿದೆಯಲ್ಲ. ಅನುಮಾನದ ಹುಳು ಮತ್ತೆ ತಲೆಯೆತ್ತಿತು, ಮತ್ತು ಅದು ತಲೆಯೆತ್ತಿದ್ದು ತನ್ನ ಕಣ್ಣಿನಲ್ಲಿ ಕಂಡಿರಬೇಕೆಂದು ಅವನಿಗೆ ತಕ್ಷಣ ತಿಳಿಯಿತು, ಏಕೆಂದರೆ ಗೋದಾಳ ನಗು ನಿಂತುಹೋಯಿತು.

“ನಂಬಿಕಿ ಬರವಲ್ದು ನಿಮಗ,” ಅಂದಳು. ಸಿಟ್ಟಿರಲಿಲ್ಲ. ಅವನಿಗೆ ಬೆನ್ನು ಮಾಡಿ ಕೂತು, ಜಡೆಯನ್ನು ಮುಂದಕ್ಕೆ ಹಾಕಿಕೊಂಡಳು. “ಮಾರಿ ನೋಡಿದ್ರ ಏನು ತಿಳೀತದ? ಇಲ್ಲೆ ಕಿವಿ ಇಟ್ಟು ಕೇಳ್ರಿ.”

ಅವನು ಮೊಣಕಾಲೂರಿ, ಹಿಂಜರಿದು, ಅವಳ ಬೆನ್ನಿಗೆ ಕಿವಿ ಇಟ್ಟ. ಮೊದಲು ತನ್ನದೇ ರಕ್ತದ ಸದ್ದು ಕೇಳಿಸಿತು. ಹೊರಗೆ ತಗಡಿನ ಮೇಲೆ ಮಳೆ. ಆಮೇಲೆ, ಬಹಳ ಒಳಗಿಂದ, ಅವಳ ಉಸಿರು. ದೊಡ್ಡ ಗಾಳಿಯಂತೆ ಒಳಗೆ ಹೋಯಿತು, ತಡೆಯದೆ ಹೊರಗೆ ಬಂತು. ಬರುತ್ತ ಬರುತ್ತ ತುದಿಯಲ್ಲಿ ದಾರದಷ್ಟು ಸಣ್ಣ ಸೀಟಿ.

“ಇನ್ನೂ ಅದ,” ಅಂದ.

“ಸ್ವಲ್ಪ ಅದ,” ಎಂದು ಒಪ್ಪಿಕೊಂಡಳು. “ನಿಮ್ಮ ಮಾರಿ ನೋಡಿ ಪೂರಾ ಹೋತು ಅಂದೆ.”

ಅವನು ಕಿವಿ ತೆಗೆಯಲಿಲ್ಲ. ಮೆಟ್ಟಿಲ ಮೇಲೆ ತಾಯಿಯ ಹೆಜ್ಜೆ ಕೇಳಿಸಿತು, ಬಾಗಿಲ ಬಳಿ ಬಂದು ನಿಂತಿತು, ಒಂದು ಕ್ಷಣ ನಿಂತು ಹಿಂದಕ್ಕೆ ಹೋಯಿತು. ಅವನು ನಾಚಿಕೊಂಡು ಎದ್ದುಬಿಡಬೇಕಿತ್ತು; ಏಳಲಿಲ್ಲ.

“ಈಗ?” ಕೇಳಿದಳು ಗೋದಾ.

“ಈಗೂ ಅದ. ಕಡಿಮಿ ಆಗ್ಯದ.”

“ಹೌದು,” ಅಂದಳು ಅವಳು. “ಕಡಿಮಿ ಆಗ್ಯದ.”